ತೂತಿಲ್ಲದ ಗುಂಡು

"ನಾನೇನೂ ಕಿತ್ತಿಲ್ಲಪ್ಪಾ, ಉಜ್ತಾ ಇದ್ದೆ, ಅದಾಗೇ ಬಂತು," ಎನ್ನುತ್ತ ಕೋಣೆ ಒರೆಸುವ ಮುದುಕಿ ಗೆನೊವೇಫಾ ಹಿತ್ತಾಳೆಯ ಫಲಕವನ್ನು ಸಾರ್ಜೆಂಟ್ ರೈಮುಂಡನ ಕೈಗಿಟ್ಟಳು. "ಗೋಂದು ತಂದ್ಯಾ? ಬೇಗ ಅಂಟಿಸ್ಬಿಡು. ನಾಳೆ ಜನರಲ್ ಬರ್ತಾರೆ, ಇಲ್ಲಿ ನೋಡಿದ್ರೆ ಕರ್ನಲ್ ಹೆಸರೇ ಉದುರಿ ಬಿದ್ದಿದೆ."

ಬಾಂಬ್ ನಿಷ್ಕ್ರಿಯ ದಳದ ಸ್ಮಾರಕ ಕೋಣೆಯಲ್ಲಿ, ಬಾಗಿಲ ಪಕ್ಕದಲ್ಲೇ, ಮೊಣಕಾಲೆತ್ತರದ ಆ ಫಿರಂಗಿ ಗುಂಡು ಮರದ ಪೀಠದ ಮೇಲೆ ನಿಂತಿತ್ತು. ಕರ್ನಲ್ ಹೊವುಬ್ ಹರೆಯದಲ್ಲಿ ತಮ್ಮ ಕೈಯಾರೆ ಬರಿದು ಮಾಡಿದ್ದು, ನಿವೃತ್ತಿಯ ದಿನ ದಳಕ್ಕೆ ಕೊಟ್ಟದ್ದು. ರೈಮುಂಡ್ ಮಂಡಿಯೂರಿ ಕೂತು ಫಲಕವಿದ್ದ ಜಾಗವನ್ನು ನೋಡಿದ. ಒಣಗಿದ ಗೋಂದಿನ ಹಳದಿ ಕಲೆ, ಅದರಡಿ ನುಣ್ಣನೆಯ ಉಕ್ಕು. ಹೆಬ್ಬೆರಳಿನಿಂದ ಸವರಿದ. ಹಿಂಬದಿಗೆ ಹೋಗಿ ಅಲ್ಲೂ ಸವರಿದ. ಎಲ್ಲೂ ತೂತಿರಲಿಲ್ಲ.

ಮದ್ದು ತೆಗೆದು ಬರಿದು ಮಾಡಿದ ಗುಂಡಿನ ಪಕ್ಕೆಗೆ ಹೆಬ್ಬೆರಳು ತೂರುವಷ್ಟು ತೂತು ಕೊರೆಯುವುದು ಈ ದಳದಲ್ಲಿ ಮೊದಲಿನಿಂದ ಬಂದ ಪದ್ಧತಿ. ಒಳಗೇನೂ ಇಲ್ಲ ಎನ್ನುವುದಕ್ಕೆ ಆ ತೂತೇ ಸಾಕ್ಷಿ. ತೂತಿಲ್ಲದ್ದು ಜೀವಂತ, ಯಾರು ಏನೇ ಹೇಳಲಿ. ಗೋಡೆಯ ಕಪಾಟಿನಲ್ಲಿದ್ದ ಗುಂಡುಗಳೆಲ್ಲ ಒಂದೊಂದು ಕಣ್ಣು ಬಿಟ್ಟುಕೊಂಡು ಕೂತಿದ್ದವು. ಕರ್ನಲರ ಗುಂಡಿನ ತೂತು ಫಲಕದ ಹಿಂದಿದೆ ಎಂದು ಬಂದವರೆಲ್ಲ ನಂಬಿದ್ದರು. ರೈಮುಂಡನೂ ನಂಬಿದ್ದ.

"ಗೆನೊವೇಫಾ ಅಮ್ಮಾ, ಬಕೆಟ್ ಅಲ್ಲೇ ಬಿಡಿ. ಹೊರಗೆ ಬನ್ನಿ."

"ನೆಲ ಅರ್ಧ ಒರೆಸಿದೀನಲ್ಲೋ!"

"ಬನ್ನಿ ಅಂದೆ."

ಅಂಗಳಕ್ಕೆ ಬಂದ ಮೇಲೆ ಅವನು ಎರಡೇ ಮಾತಿನಲ್ಲಿ ಹೇಳಿದ. ಮುದುಕಿಯ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. "ಇಷ್ಟು ವರ್ಷ ಅದರ ತಲೆ ಮೇಲೆ ಒದ್ದೆ ಬಟ್ಟೆ ಒಣಗಿಹಾಕಿದೀನಿ ಕಣೋ! ಶಾಲೆ ಮಕ್ಕಳು ಬಂದಾಗಲೆಲ್ಲ ಅದರ ಮೇಲೆ ಡೋಲು ಬಾರಿಸ್ತಾರೆ. ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ನಿಮಗೆ ಕಣ್ಣು ಇರಲಿಲ್ವಾ?"

ರೈಮುಂಡ್ ಕೋಣೆಗೆ ಬೀಗ ಹಾಕಿಕೊಂಡು ನೇರ ಮೇಜರ್ ಬ್ಯೆಲಾಕರ ಕಚೇರಿಗೆ ಹೋದ.

ಮೇಜರ್ ನಾಳೆಯ ಸಮವಸ್ತ್ರ ತೊಟ್ಟು, ಕಿಟಕಿಯ ಗಾಜಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಭಾಷಣ ಅಭ್ಯಾಸ ಮಾಡುತ್ತಿದ್ದರು. ಯುದ್ಧ ಮುಗಿದ ವಸಂತದಲ್ಲಿ ಈ ದಳ ಕಬ್ಬಿಣದ ಸಲಾಕೆಯಿಂದ ನೆಲ ತಿವಿಯುತ್ತ ನೋಟೆಚ್ ನದಿಯ ದಡದುದ್ದಕ್ಕೂ ತೆವಳಿದ್ದು, ಅದರ ಹಿಂದೆಯೇ ಹೆಂಗಸರು ಆಲೂಗಡ್ಡೆ ನೆಡುತ್ತ ಬಂದದ್ದು, ಹಾಗೆ ತೆವಳುತ್ತಲೇ ಸತ್ತವರ ಹೆಸರು ಗೋಡೆ ತುಂಬಿದ್ದು, ಕೊನೆಗೆ ಕರ್ನಲ್ ಹೊವುಬ್, ಎಲ್ಲ ಅದರಲ್ಲಿತ್ತು. ನಾಳೆಯಿಂದ ದಳಕ್ಕೆ ಅವರದೇ ಹೆಸರು.

ವಿಷಯ ಕೇಳಿ ಮೇಜರ್ ಕುರ್ಚಿಯಲ್ಲಿ ಕುಸಿದರು. "ತೂತು ಇಲ್ಲ ಅಂದ ಮಾತ್ರಕ್ಕೆ ಮದ್ದು ಇದೆ ಅಂತಾನಾ? ಕರ್ನಲ್ ಕೊರೆಯೋದು ಮರೆತಿರ್ಬಹುದು."

"ಇರಬಹುದು, ಮೇಜರ್ ಸಾಹೇಬ್ರೆ. ಮದ್ದು ತೆಗೆಯೋದನ್ನೂ ಮರೆತಿರಬಹುದು."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ಆ ಮನುಷ್ಯರ ಮಗಳು ನಾಳೆ ಮುಂದಿನ ಸಾಲಲ್ಲಿ ಕೂತಿರ್ತಾಳೆ." ಮೇಜರ್ ಸ್ವರ ತಗ್ಗಿಸಿದರು. "ನೋಡು ರೈಮುಂಡ್, ಇಷ್ಟು ವರ್ಷ ಸುಮ್ಮನೆ ನಿಂತಿದೆ. ಒಂದು ದಿನ ತಡಿ. ಸುತ್ತ ಒಂದು ಹಗ್ಗ ಕಟ್ಟು. ಕಾರ್ಯಕ್ರಮ ಮುಗೀಲಿ, ಸದ್ದಿಲ್ಲದೆ ಸಾಗಿಸೋಣ."

"ನಾಳೆ ಶಾಲೆ ಮಕ್ಕಳು ಆ ಕೋಣೇಲೇ ಹಾಡ್ತಾರಲ್ಲ ಸಾಹೇಬ್ರೆ."

"ಆ ಮೂಲೆಯಿಂದ ಸ್ವಲ್ಪ ದೂರ ನಿಲ್ಸಿದ್ರಾಯ್ತು."

ರೈಮುಂಡನಿಗೆ ಮೈಯೆಲ್ಲ ಉರಿದುಹೋಯಿತು. ಕಳೆದ ವಾರವಷ್ಟೇ ದಳದವರು ಜೇನು ಸಾಕುವ ಮುದುಕನೊಬ್ಬನ ಮನೆಗೆ ಹೋಗಿದ್ದರು. ಹುಳಿ ಬರಲೆಂದು ಎಲೆಕೋಸು ತುಂಬಿಟ್ಟ ಪೀಪಾಯಿಯ ಮುಚ್ಚಳದ ಮೇಲೆ ಭಾರಕ್ಕೆಂದು ಅವನು ಹಳೆಯ ಗುಂಡೊಂದನ್ನು ಇಟ್ಟುಕೊಂಡಿದ್ದ. ಅಪ್ಪನ ಕಾಲದಿಂದ ಸುಮ್ಮನೆ ಕೂತಿದೆ ಸ್ವಾಮಿ ಎಂದು ಮುದುಕ ಕೈಮುಗಿದರೆ, ಇದೇ ಮೇಜರ್ ಅಕ್ಕಪಕ್ಕದವರೆದುರೇ ಕತ್ತೆ ಎಂದು ಬೈದು ಅವನನ್ನು ಪೊಲೀಸರ ಜೀಪು ಹತ್ತಿಸಿದ್ದರು.

"ಆ ಮುದುಕನೂ ಇದನ್ನೇ ಹೇಳಿದ್ದ," ಎಂದ ರೈಮುಂಡ್. "ಸುಮ್ಮನೆ ಕೂತಿದೆ ಅಂತ."

"ಅವನಿಗೂ ನಮಗೂ ವ್ಯತ್ಯಾಸ ಇಲ್ವಾ?"

"ಇದೆ ಸಾಹೇಬ್ರೆ. ಅವನಿಗೆ ಗೊತ್ತಿರಲಿಲ್ಲ."

ಮೇಜರ್ ಎದ್ದು ನಿಂತರು. "ಇದು ಆಜ್ಞೆ ಅಂತ ತಿಳ್ಕೊ. ನಾಳೆ ಸಂಜೆವರೆಗೂ ಅದನ್ನ ಯಾರೂ ಮುಟ್ಟಕೂಡದು."

ರೈಮುಂಡ್ ಸೆಲ್ಯೂಟ್ ಹೊಡೆದು ಹೊರಬಂದ. ಆಜ್ಞೆ ಮೀರಿ ಗುಂಡನ್ನು ಎತ್ತುವಂತಿರಲಿಲ್ಲ. ಒಬ್ಬನಿಂದ ಆಗುವ ಕೆಲಸವೂ ಅಲ್ಲ. ಅಂಗಳದ ನಡುವೆ ನಿಂತು ಅವನು ತನ್ನ ಫೋನು ತೆಗೆದ. ಹೊಲದಲ್ಲಿ ಗುಂಡು ಸಿಕ್ಕ ಯಾವ ರೈತನಾದರೂ ಮಾಡುವಂತೆ ತುರ್ತು ಸಹಾಯದ ನೂರಾ ಹನ್ನೆರಡಕ್ಕೆ ಕರೆ ಮಾಡಿ, ಹೆಸರು ಹೇಳಿ, ಕಟ್ಟಡದೊಳಗೆ ಜೀವಂತ ಇರಬಹುದಾದ ಫಿರಂಗಿ ಗುಂಡಿದೆ ಎಂದ. ವಿಳಾಸ ಹೇಳುವಾಗ ಆ ಕಡೆಯ ಹುಡುಗಿ ಎರಡು ಸಲ ಕೇಳಿದಳು.

"ತಮಾಷೆ ಮಾಡ್ತಿದೀರಾ? ಅದು ಬಾಂಬ್ ದಳದ್ದೇ ವಿಳಾಸ ಅಲ್ವಾ?"

"ಹೌದಮ್ಮ. ಬೇಗ ಪೊಲೀಸರಿಗೆ ತಿಳಿಸು. ಅವರು ಬಾಂಬ್ ದಳಕ್ಕೆ ತಿಳಿಸಲಿ."

ಸ್ವಲ್ಪ ಹೊತ್ತಿಗೆ ಕಾವಲು ಕೋಣೆಯ ಫೋನು ಹೊಡೆದುಕೊಂಡಿತು. ದೂರು ದಾಖಲಾದ ಮೇಲೆ ಅದನ್ನು ಅಳಿಸುವ ಅಧಿಕಾರ ಮೇಜರಿಗಿರಲಿ, ಜನರಲ್‌ಗೂ ಇರಲಿಲ್ಲ. ಬೀದಿಯ ಎರಡೂ ತುದಿಗೆ ಪೊಲೀಸ್ ವ್ಯಾನು ಅಡ್ಡ ನಿಂತಿತು. ಎದುರು ಮನೆಗಳವರು ನಾಯಿ, ಬೆಕ್ಕು, ಹಾಸಿಗೆ ಹಿಡಿದ ಅಜ್ಜನ ಸಮೇತ ಹೊರಬಿದ್ದರು. ದಳದ ಲಾರಿ ಹಿತ್ತಿಲ ಶೆಡ್ಡಿನಿಂದ ಹೊರಟು, ದೀಪ ತಿರುಗಿಸುತ್ತ, ಮುಂಬಾಗಿಲಿಗೆ ಬಂದು ನಿಂತಿತು. ಪಾಳಿಯಲ್ಲಿದ್ದವರೊಂದಿಗೆ ರೈಮುಂಡನೇ ಒಳಗೆ ಹೋದ.

ಮೇಜರ್ ಮೆಟ್ಟಿಲ ಬಳಿ ಹಲ್ಲು ಕಡಿಯುತ್ತ ನಿಂತಿದ್ದರು. "ನಮ್ಮ ಮಾನ ನಾವೇ ಹರಾಜಿಗೆ ಹಾಕಿದ ಹಾಗಾಯ್ತಲ್ಲೋ. ಅದು ಖಾಲಿ ಅಂತಾಗಲಿ, ನಿನ್ನ ಭುಜದ ಪಟ್ಟಿ ನಾನೇ ಕಿತ್ತು ತೆಗೀತೀನಿ."

"ಆಗಲಿ ಸಾಹೇಬ್ರೆ," ಎಂದ ರೈಮುಂಡ್. ಅದು ಖಾಲಿ ಇದ್ದರೆ ಇಷ್ಟು ವರ್ಷದ ನೌಕರಿ ಮಣ್ಣುಪಾಲು ಎಂದು ಅವನಿಗೂ ಗೊತ್ತಿತ್ತು. ಆದರೂ ಖಾಲಿಯೇ ಆಗಿರಲಿ ಎಂದೇ ಅವನ ಮನಸ್ಸು ಹಾರೈಸುತ್ತಿತ್ತು.

ಗುಂಡನ್ನು ಮರಳಿನ ಮೇಲೆ ಮಲಗಿಸಿಕೊಂಡು ಲಾರಿ ನಡಿಗೆಯ ವೇಗದಲ್ಲಿ ಊರು ದಾಟಿತು. ಬಯಲಿನಲ್ಲಿ ಮೊಣಕಾಲಾಳದ ಗುಂಡಿ ತೋಡಿ ಇಳಿಸಿ, ಪಕ್ಕಕ್ಕೆ ಮದ್ದಿನ ಸಣ್ಣ ಬಿಲ್ಲೆಯಿಟ್ಟು, ದೂರದ ಕಂದಕದವರೆಗೆ ತಂತಿ ಎಳೆದು ಅದರಲ್ಲಿ ಅಡಗಿ ಕೂತರು. ಮೇಜರ್ ಅದೇ ಸಮವಸ್ತ್ರದಲ್ಲಿ ತಮ್ಮ ಕಾರಿನಲ್ಲಿ ಹಿಂದೆಯೇ ಬಂದಿದ್ದರು. ಗುಂಡು ಖಾಲಿಯಿದ್ದು ಬಿಲ್ಲೆಯೊಂದೇ ಸಿಡಿದರೆ ಎಂಥ ಸದ್ದು ಬರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಿಡಿ ಕೊಟ್ಟಾಗ ಬಂದದ್ದು ಆ ಸದ್ದಲ್ಲ. ಕಾಲಡಿಯ ನೆಲ ಒದೆಯಿತು, ಕಂದಕದ ಮಣ್ಣಿನ ಗೋಡೆ ಬಿರಿಯಿತು, ಆಕಾಶಕ್ಕೆ ಹೋದ ಮಣ್ಣು ಬಹಳ ಹೊತ್ತು ಉದುರುತ್ತಲೇ ಇತ್ತು.

ಮೇಜರ್ ಒಬ್ಬರೇ ನಡೆದು ಹೋಗಿ ಗುಂಡಿಯೊಳಗೆ ಇಳಿದರು. ಅದು ಅವರ ಎದೆಯವರೆಗೆ ಬಂತು.

ಅಷ್ಟರಲ್ಲಿ ಅವರ ಜೇಬಿನ ಫೋನು ಹಾಡತೊಡಗಿತು. ಶಾಲೆಯ ಸಂಗೀತದ ಟೀಚರ್. ಅವಳ ಸ್ವರ ಗುಂಡಿಯಂಚಿಗೆ ಬಂದು ನಿಂತಿದ್ದ ರೈಮುಂಡನಿಗೂ ಕೇಳುವಷ್ಟು ಲವಲವಿಕೆಯಿಂದಿತ್ತು. "ಮೇಜರ್ ಸಾಹೇಬ್ರೆ, ಚಿಕ್ಕ ಮಕ್ಕಳನ್ನ ಹೋದ್ಸಲದ ಹಾಗೇ ಬಾಗಿಲ ಹತ್ರ ಕರ್ನಲರ ಗುಂಡಿನ ಸುತ್ತಾನೇ ನಿಲ್ಲಿಸ್ಲಾ? ಫೋಟೋ ಚೆನ್ನಾಗಿ ಬರುತ್ತೆ."

ಮೇಜರ್ ಫೋನನ್ನು ಕಿವಿಯಿಂದ ಕೆಳಗಿಳಿಸಿದರು. ಫೋನು ಹಲೋ, ಹಲೋ ಎನ್ನುತ್ತಲೇ ಇತ್ತು. ಗುಂಡಿಯ ಅಂಚಿನಿಂದ ಬಿಸಿ ಮಣ್ಣು ಸಣ್ಣಗೆ ಜಾರಿ ಅವರ ಬೂಟುಗಳನ್ನು ಮುಚ್ಚುತ್ತಿತ್ತು.