ಸಿಡಿಲಣ್ಣನ ಎಡಗಣ್ಣು

ಗೇಣುದ್ದದ ಪ್ಲಾಸ್ಟಿಕ್ ಬೊಂಬೆಯ ಸಲುವಾಗಿ ನಲವತ್ತು ದಾಟಿದವರು ಹೀಗೆ ಕಿತ್ತಾಡುತ್ತಾರೆಂದರೆ ಯಾರಾದರೂ ನಂಬುತ್ತಾರೆಯೇ? ನಂಬದವರು ಭಾನುವಾರ ಮಧ್ಯಾಹ್ನ ಆ ಕನ್ನಡಕದಂಗಡಿಯ ಹಿಂದಿನ ಕೋಣೆಗೆ ಬಂದು ನೋಡಬೇಕಿತ್ತು. ಮುಂದಿನ ಷಟರ್ ಅರ್ಧ ಇಳಿದಿರುತ್ತಿತ್ತು. ಒಳಗೆ ಗಾಜು ಉಜ್ಜುವ ಯಂತ್ರದ ಪಕ್ಕದ ಮೇಜಿನ ಮೇಲೆ ಸಿಡಿಲಣ್ಣಂದಿರ ಸಾಲು. ಸುತ್ತ ಅಂಗಡಿಯವನು, ಬಸ್ ಡ್ರೈವರು, ಲೆಕ್ಕದ ಮೇಷ್ಟ್ರು, ನರ್ಸಮ್ಮ.

ಸಿಡಿಲಣ್ಣ ಎಂದರೆ ಇವರೆಲ್ಲ ಚಿಕ್ಕವರಿದ್ದಾಗಿನ ರೋಬೋಟು. ಕೈ ಮಡಚಿ, ಕಾಲು ತಿರುಚಿ, ತಲೆಯನ್ನು ಎದೆಯೊಳಕ್ಕೆ ದೂಡಿದರೆ ಲಾರಿಯಾಗುತ್ತಿದ್ದ. ಒಟ್ಟು ಹದಿನಾಲ್ಕು ಮಡಿಕೆ, ಒಂದು ತಪ್ಪಿದರೂ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಅವನನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಈಗ ಯಾರೋ ಹೊಸಬರು ಆ ಹೆಸರನ್ನು ಕೊಂಡು, ಹೊಸ ಸಿಡಿಲಣ್ಣನನ್ನು ಅಂಗಡಿಗಳಿಗೆ ಬಿಟ್ಟಿದ್ದರು. ನರ್ಸಮ್ಮ ಮಗಳಿಗೆಂದು ಒಂದನ್ನು ಕೊಂಡು, ಇವರಿಗೆ ತೋರಿಸಲು ತಂದಿದ್ದಳು. ಗುಂಡಿ ಒತ್ತಿದರೆ ಸಾಕು, ಟಕಟಕ ತಾನೇ ಮಡಚಿಕೊಂಡು ಲಾರಿಯಾಗಿಬಿಡುತ್ತಿತ್ತು.

"ಥೂ! ಎಲ್ಲಾ ಅದೇ ಮಾಡ್ಕೊಂಡ್ರೆ ಆಡೋರು ಏನು ಮಾಡ್ಬೇಕು? ಎದುರಿಗೆ ಕೂತು ಚಪ್ಪಾಳೆ ತಟ್ಬೇಕಾ?" ಡ್ರೈವರು ಸಿಡುಕಿದ.

"ನನ್ನ ಮಗಳ ಬೆರಳಲ್ಲಿ ಬಲ ಇಲ್ಲ ಕಣಣ್ಣ" ಎಂದಳು ನರ್ಸಮ್ಮ. "ಹಳೇದು ಕೊಟ್ರೆ ಒಂದು ಮಡಿಕೇನೂ ಆಗಲ್ಲ ಅವಳ ಕೈಲಿ. ಇದನ್ನ ಬೆಳಗ್ಗೆಯಿಂದ ನೂರು ಸಲ ಲಾರಿ ಮಾಡಿದ್ದಾಳೆ."

ಡ್ರೈವರು ತಾನೂ ಒಂದು ಸಲ ಗುಂಡಿ ಒತ್ತಿ ನೋಡಿದ. ಹೌದಲ್ಲ ಅನ್ನಿಸಿತ್ತು, ಒಪ್ಪಿಕೊಳ್ಳಲು ಮಾತ್ರ ಬಿಗುಮಾನ.

ಆದರೆ ಕಣ್ಣಿನ ವಿಷಯ ಬಂದಾಗ ನರ್ಸಮ್ಮನೂ ಇವರ ಕಡೆಯೇ. ಹಳೆಯ ಸಿಡಿಲಣ್ಣನ ಎಡಗಣ್ಣು ಬಲಗಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿತ್ತು. ಅದರಿಂದ ಅವನಿಗೊಂದು ಓರೆನೋಟ ಬಂದಿತ್ತು, 'ಏನೋ ಮರಿ, ಬೇಜಾರಾ?' ಎಂದು ವಿಚಾರಿಸುವ ಹಾಗೆ. ಹೊಸಬನ ಕಣ್ಣುಗಳೋ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೆಟ್ಟಗೆ.

"ಆ ಓರೆ ಸುಮ್ನೆ ಬಂದಿದ್ದಲ್ರೀ" ಎಂದು ಮೇಷ್ಟ್ರು ಬೆರಳೆತ್ತಿದರು. ಅವರು ಬೆರಳೆತ್ತಿದರೆ ಪಾಠ ಶುರುವಾಯಿತು ಎಂದೇ ಅರ್ಥ. "ಪಕ್ಕಾ ಲೆಕ್ಕಾಚಾರ ಅದು! ಎಲ್ಲಿ ಕೂತು ನೋಡಿದ್ರೂ ನಮ್ಮನ್ನೇ ನೋಡ್ಬೇಕು ಅಂತ ಯಾರೋ ದೊಡ್ಡ ಕಲಾವಿದ ಕೂತು ಮಾಡಿದ್ದು."

ನೆಟ್ಟ ಕಣ್ಣಿನ ಹಳೆಯ ಸಿಡಿಲಣ್ಣ ಎಲ್ಲಾದರೂ ಕಂಡರೆ ಈ ಮಹಾನುಭಾವರು 'ನಕಲಿ ಮಾಲು' ಎಂದು ತೀರ್ಪು ಕೊಟ್ಟು ಆಚೆ ತಳ್ಳುತ್ತಿದ್ದರು. ಹೊಸ ಕಂಪನಿಗೆ ಒಂದು ಖಾರವಾದ ಪತ್ರ ಹೋಗಲೇಬೇಕೆಂದು ತೀರ್ಮಾನವಾಯಿತು. ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ಬರೆಯುವ ಕೆಲಸ ಅಂಗಡಿಯವನ ತಲೆಗೆ ಬಂತು.

ಅವತ್ತು ಸಂಜೆ ಅವನು ಅಡುಗೆಮನೆಯ ಮೇಜಿನ ಮೇಲೆ ಪತ್ರ ಬರೆದು ಮುಗಿಸಿದ. ಎದುರಿಗೆ ಅಮ್ಮ ಬಟಾಣಿ ಬಿಡಿಸುತ್ತಿದ್ದಳು.

"ಅದೇನು ಅಷ್ಟು ಹೊತ್ತಿಂದ ಗೀಚ್ತಿದ್ದೀಯ? ಓದು, ನಾನೂ ಕೇಳ್ತೀನಿ."

ಅವನು ಉತ್ಸಾಹದಿಂದ ಓದಿದ. ಅಮ್ಮನೂ ಆ ಹಳೆಯ ಬೊಂಬೆ ಕಂಪನಿಯಲ್ಲಿ ದುಡಿದವಳೇ. ಪ್ಯಾಕಿಂಗ್ ವಿಭಾಗದಲ್ಲಿದ್ದೆ, ಮೈಗೆ ಹುಷಾರಿಲ್ಲದೆ ಬಿಟ್ಟೆ ಎಂದು ಯಾವಾಗಲೂ ಹೇಳುತ್ತಿದ್ದಳು. ಬಿಟ್ಟ ದಿನ ಅವನಿಗೊಂದು ಸಿಡಿಲಣ್ಣನನ್ನು ತಂದುಕೊಟ್ಟಿದ್ದಳು. ಆಗ ಅವನಿಗೆ ಆರು ವರ್ಷ. ಅದನ್ನು ಎದೆಗೊತ್ತಿಕೊಂಡು ಮನೆ ತುಂಬ ಕುಣಿದದ್ದು ಇವತ್ತಿಗೂ ನೆನಪಿತ್ತು. ಅಮ್ಮ ಅವತ್ತು ಹೇಗಿದ್ದಳು ಎಂಬುದು ಮಾತ್ರ ನೆನಪಿರಲಿಲ್ಲ.

'ಎಡಗಣ್ಣನ್ನು ಇಳಿಸಿ ಕೂರಿಸಿದ ಆ ಮಹಾನ್ ಕಲಾವಿದರಿಗೆ' ಎಂಬಲ್ಲಿಗೆ ಬರುವಾಗ ಬಟಾಣಿ ಬೀಳುವ ಸದ್ದು ನಿಂತಿತ್ತು.

"ಹರಿದು ಹಾಕಪ್ಪ ಅದನ್ನ" ಎಂದಳು ಅಮ್ಮ. "ಯಾವ ಕಲಾವಿದನೂ ಅಲ್ಲ. ಅದು ನಾನು ಮಾಡಿದ ತಪ್ಪು."

ಅವನು ಪೆನ್ನು ಕೆಳಗಿಟ್ಟ. ಅಮ್ಮ ಅವನ ಮುಖ ನೋಡದೆ, ಬುಟ್ಟಿಯ ಸಿಪ್ಪೆಗೆ ಹೇಳುವಂತೆ ಹೇಳಿದಳು. ಅವಳಿದ್ದದ್ದು ಪ್ಯಾಕಿಂಗಿನಲ್ಲಲ್ಲ, ಕಣ್ಣು ಕೂರಿಸುವ ಸಾಲಿನಲ್ಲಿ. ಅಚ್ಚಿನಿಂದ ಬಂದ ತಲೆ ಬಿಸಿಯಿರುವಾಗಲೇ ಹೆಬ್ಬೆರಳಲ್ಲಿ ಒತ್ತಿ ಕಣ್ಣು ಕೂರಿಸಬೇಕು. ಅವಳಿಗೆ ಹತ್ತಿರದ್ದು ಮಂಜಾಗಿ ಕಾಣತೊಡಗಿತ್ತು. ಕನ್ನಡಕ ಬೇಕೆಂದರೆ ಆ ಸಾಲಿನಿಂದ ತೆಗೆದುಹಾಕುತ್ತಿದ್ದರು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು, ಬರೀ ಬೆರಳಿನ ಅಂದಾಜಿನಲ್ಲಿ ತಿಂಗಳುಗಟ್ಟಲೆ ಕೂರಿಸಿದಳು. ಬಲಗಣ್ಣು ಸರಿಯಾಗಿ ಕೂರುತ್ತಿತ್ತು, ಎಡಗಣ್ಣು ಜಾರುತ್ತಿತ್ತು.

"ಎಲ್ಲರನ್ನೂ ಕರೆದು ನಿಲ್ಲಿಸಿ ನನ್ನ ಕೈಗೆ ಒಂದು ಬೊಂಬೆ ಕೊಟ್ರು. ಇದರ ಮುಖದಲ್ಲಿ ಏನಾಗಿದೆ ಹೇಳು ಅಂದ್ರು. ನಂಗೆ ಕಾಣಿಸ್ಲಿಲ್ಲ ಕಣೋ. ಚೆನ್ನಾಗೇ ಇದೆಯಲ್ಲ ಸಾರ್ ಅಂದೆ. ಎಲ್ಲರೂ ಗೊಳ್ಳಂತ ನಕ್ಬಿಟ್ರು. ಅವತ್ತೇ ಕೆಲಸಾನೂ ಹೋಯ್ತು. ಅದೇ ಬೊಂಬೆ ನಿನಗೆ ತಂದ್ಕೊಟ್ಟಿದ್ದು."

ಆ ಮಾಲನ್ನು ಎರಡನೇ ದರ್ಜೆ ಎಂದು ಅರ್ಧ ಬೆಲೆಗೆ ಮಾರಿದರಂತೆ. ಆಗ ಅವನಿಗೆ ತಿಳಿಯಿತು: ತನ್ನ ಗೆಳೆಯರೆಲ್ಲರ ಬಳಿ ಓರೆಗಣ್ಣಿನದೇ ಯಾಕಿದೆ ಎಂದು. ಅವರೆಲ್ಲರ ಮನೆಯಲ್ಲೂ ಅಷ್ಟೇ ಅನುಕೂಲವಿದ್ದದ್ದು.

"ಯಾರ ಹತ್ರಾನೂ ಹೇಳ್ಬೇಡ" ಎಂದಳು ಅಮ್ಮ. "ಮತ್ತೊಂದ್ಸಲ ಜನರ ಮುಂದೆ ನಿಂತು ಆ ನಗು ಕೇಳೋ ಶಕ್ತಿ ನಂಗಿಲ್ಲ."

ಅವನು ಎಷ್ಟು ವರ್ಷ ಊರವರ ಕಣ್ಣು ಪರೀಕ್ಷಿಸಿದ್ದ! ಅಂಗಡಿ ತೆರೆದ ದಿನ ಮೊದಲ ಕನ್ನಡಕ ಅಮ್ಮನಿಗೇ ಹಾಕಿದಾಗ ಅವಳು ಯಾಕೆ ಅಷ್ಟು ಅತ್ತಳೆಂದು ಕೇಳಿರಲೇ ಇಲ್ಲ. ಪತ್ರವನ್ನು ಅವಳೆದುರಿಗೇ ಹರಿದ.

ಮುಂದಿನ ಭಾನುವಾರ ಪತ್ರ ಎಲ್ಲಿ ಎಂದು ಕೇಳಿದರು. "ಬರೆಯೋದು ಬೇಡ ಬಿಡಿ" ಎಂದ. ಯಾಕೆ ಎಂದರು. ಅವನು ಬಟ್ಟೆ ಎತ್ತಿಕೊಂಡು ಗಾಜು ಉಜ್ಜುವ ಯಂತ್ರವನ್ನು ಒರೆಸತೊಡಗಿದ.

"ಗೊತ್ತಾಯ್ತು ಬಿಡಪ್ಪ! ಹೊಸ ಕಂಪನಿಯವರು ಏನೋ ಕೊಟ್ಟು ನಿನ್ನ ಬಾಯಿ ಮುಚ್ಚಿಸಿದಾರೆ" ಎಂದು ಡ್ರೈವರು ಎದ್ದು ನಿಂತ. "ಬೆನ್ನಿಗೆ ಚೂರಿ ಹಾಕ್ಬಿಟ್ಯಲ್ಲೋ. ನಾಳೆಯಿಂದ ಈ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳು."

ಅಂಗಡಿಯವನು ತಲೆ ತಗ್ಗಿಸಿ ಬೈಸಿಕೊಂಡ.

ಆಗ ಪರದೆ ಸರಿಯಿತು. ಊಟದ ಡಬ್ಬಿ ಹಿಡಿದ ಅಮ್ಮ ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನನ್ನ ಮಗನ್ನ ಯಾಕ್ರಪ್ಪ ಬೈತೀರ? ಆ ಕಣ್ಣು ಸೊಟ್ಟ ಮಾಡಿದವಳು ನಾನು. ಲೆಕ್ಕಾಚಾರಾನೂ ಇಲ್ಲ, ಮಣ್ಣೂ ಇಲ್ಲ ಮೇಷ್ಟ್ರೇ. ಕಣ್ಣು ಕಾಣದೆ ಮಾಡಿದ್ದು. ನಗೋದಿದ್ರೆ ಈಗ್ಲೇ ನಕ್ಬಿಡಿ."

ಮೇಷ್ಟ್ರ ಎತ್ತಿದ ಬೆರಳು ಇಳಿಯಿತು. ಅಮ್ಮ ಕಾದಳು. ಯಾರೂ ನಗಲಿಲ್ಲ.

ಡ್ರೈವರು ತನ್ನ ಸಿಡಿಲಣ್ಣನನ್ನು ಸಾಲಿನಿಂದ ಎತ್ತಿಕೊಂಡು ಬಂದ. ಅದರ ಒಂದು ಕೈ ಮುರಿದು ಯಾವ ಕಾಲವಾಗಿತ್ತೋ. ಅಮ್ಮ ಡಬ್ಬಿ ಇಟ್ಟು, ಅದರ ಮುಖದ ಮೇಲೆ ಹೆಬ್ಬೆರಳಾಡಿಸಿದಳು. "ಇದೂ ನಂದೇ" ಎಂದಳು ಮೆಲ್ಲಗೆ.

"ನಮ್ಮಪ್ಪ ಲಾರಿ ತಗೊಂಡು ಹೋದ್ರೆ ವಾರಗಟ್ಟಲೆ ಬರ್ತಿರ್ಲಿಲ್ಲಮ್ಮ" ಎಂದ ಡ್ರೈವರು. "ಆಗ ನನ್ನನ್ನ ನೋಡ್ತಿದ್ದೋನು ಇವನೊಬ್ಬನೇ. ಇಷ್ಟು ವರ್ಷ ಯಾರಿಗೆ ಕೈ ಮುಗೀಬೇಕು ಅಂತ ಗೊತ್ತಿರ್ಲಿಲ್ಲ."

ಅಮ್ಮನ ಕಣ್ಣು ತುಂಬಿಬಂತು, ಸೆರಗಿನಿಂದ ಒರೆಸಿಕೊಂಡಳು.

ನರ್ಸಮ್ಮ ಮಗಳ ಹೊಸ ಸಿಡಿಲಣ್ಣನನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟಳು. "ಅಮ್ಮಾ, ಇವನದೂ ಸ್ವಲ್ಪ ಸರಿ ಮಾಡಿಕೊಡ್ತೀರಾ? ನನ್ನ ಮಗಳನ್ನೂ ನೋಡ್ಲಿ."

ಅಂಗಡಿಯವನು ಫ್ರೇಮ್ ಬಿಸಿ ಮಾಡುವ ಯಂತ್ರ ಹಾಕಿದ. ಬಿಸಿ ಗಾಳಿಗೆ ಬೊಂಬೆಯ ಮುಖ ಹಿಡಿದು, ಅದು ಮೆತ್ತಗಾದ ಮೇಲೆ ಅಮ್ಮನ ಕೈಗೆ ಕೊಟ್ಟ. ಅಮ್ಮ ಹೆಬ್ಬೆರಳನ್ನು ಎಡಗಣ್ಣಿನ ಮೇಲಿಟ್ಟು, ಏನೋ ನೆನಪಾದವಳಂತೆ ತಡೆದಳು. ಕನ್ನಡಕ ತೆಗೆದು ಮಗನತ್ತ ಚಾಚಿದಳು.

"ಹಿಡ್ಕೋ ಇದನ್ನ" ಎಂದಳು. "ಹಾಕ್ಕೊಂಡಿದ್ರೆ ನೆಟ್ಟಗೆ ಕೂತ್ಬಿಡುತ್ತೆ."