ತಂಗಿಯೊಬ್ಬಳನ್ನು ಬಿಟ್ಟು

ಮೊಸರಲ್ಲಿ ಕಲ್ಲು ಹುಡುಕುವವರನ್ನು ಎಲ್ಲರೂ ಕಂಡಿದ್ದಾರೆ. ಗ್ರಂಥಾಲಯದಲ್ಲಿ ಸಂಜೆ ಹೆಣಿಗೆ ಕಲಿಸುವ ಮೇಡಂಗೆ ಗಂಟುಬಿದ್ದವನು ಮಾತ್ರ ಕಲ್ಲು ಸಿಕ್ಕ ಮೇಲೆ ಅದು ಯಾರ ಹೊಲದ್ದು ಎಂದೂ ಕೇಳುವವರ ಪೈಕಿ. ಅವನ ಮುಖ ಅವಳು ಕಂಡವಳಲ್ಲ. ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಸ್ವಯಂಸೇವಕರ ಬಳಗವೊಂದರಲ್ಲಿ ಹೊಸ ತಂತ್ರಾಂಶದ ಪ್ಯಾಕೇಜ್‌ಗಳನ್ನು ಪರಿಶೀಲಿಸಿ ಒಳಗೆ ಬಿಡುವುದು ಅವನ ಕೆಲಸ. ಅವಳು ಅವನಿಗೆ ಜರಡಿ ಎಂದು ಹೆಸರಿಟ್ಟಿದ್ದಳು.

ಅವಳ ಪ್ಯಾಕೇಜ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಣ್ಣ ಸಾಧನ. ಪಾದದ ಅಳತೆ ಕೊಟ್ಟರೆ ಕಾಲುಚೀಲಕ್ಕೆ ಎಷ್ಟು ಕುಣಿಕೆ ಹಾಕಬೇಕು, ಎಲ್ಲಿ ಕಡಿಮೆ ಮಾಡಬೇಕು ಎಂದು ಸಾಲುಸಾಲಾಗಿ ಹೇಳುತ್ತಿತ್ತು. ಸಂಜೆ ತರಗತಿಯ ಹೆಂಗಸರು ಅದಕ್ಕಾಗಿ ಕಾದು ಕೂತಿದ್ದರು. ಆದರೆ ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವವನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಬಳಗ ಒಪ್ಪಿದ್ದನ್ನು ಬಿಟ್ಟು ಬೇರೇನೂ ಹಾಕುವುದಿಲ್ಲ. ಬಳಗದ ಬಾಗಿಲೋ ಆ ತಿಂಗಳ ಕೊನೆಗೆ ಮುಚ್ಚುತ್ತಿತ್ತು. ಆಮೇಲೆ ಲಿನಕ್ಸಿನ ಮುಂದಿನ ಆವೃತ್ತಿಗೇ ಕಾಯಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ಜರಡಿ ವಿವರಣೆಯಲ್ಲಿದ್ದ 'ಅತ್ಯದ್ಭುತ' ಎಂಬ ಪದವನ್ನು ತೆಗೆಸಿದ. ಪ್ಯಾಕೇಜ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಅವಳ ಕಂಪ್ಯೂಟರ್‌ನಲ್ಲಿ ಮಾತ್ರ ಪಾಸಾಗುತ್ತವೆ, ಅಲ್ಲಿರುವ ಯಾವುದೋ ಅಳತೆಯ ಫೈಲನ್ನು ಕದ್ದು ನೋಡುತ್ತವೆ ಎಂದು ಪತ್ತೆಹಚ್ಚಿದ. ಅವಳು ಹಲ್ಲು ಕಡಿಯುತ್ತಲೇ ಎಲ್ಲ ತಿದ್ದಿದಳು. ನಿಜ ಹೇಳಬೇಕೆಂದರೆ ಪ್ಯಾಕೇಜ್ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು, ಅವಳ ಸಿಟ್ಟೆಲ್ಲ ಅದಕ್ಕೇ. ಆಮೇಲೆ ಬಂತು ನೋಡಿ: "ಹಿಮ್ಮಡಿಯ ಲೆಕ್ಕವಿರುವ ಫೈಲ್ ಮೇಲೆ ಬೇರೆಯವರ ಹೆಸರಿದೆ. ಅವರ ಲೈಸೆನ್ಸ್ ಎಲ್ಲಿ? ಅವರು ಒಪ್ಪದೆ ನಾವು ಹಂಚುವಂತಿಲ್ಲ."

ಅವಳು ತಲೆ ಮೇಲೆ ಕೈ ಹೊತ್ತು ಕೂತಳು. ಆ ಫೈಲ್ ಬರೆದವಳು ಅವಳ ಸ್ವಂತ ಅಕ್ಕ, ಶಾಲೆಯಲ್ಲಿ ಗಣಿತ ಕಲಿಸುವವಳು. ಅಕ್ಕತಂಗಿಯರಿಗೆ ಎರಡು ವರ್ಷದಿಂದ ಮಾತಿಲ್ಲ, ಕಾರಣ ಇದೇ ಹಿಮ್ಮಡಿ. ಲೆಕ್ಕ ತೀರಾ ಉದ್ದವಾಯಿತೆಂದು ತಂಗಿ ಹೇಳದೆ ಕೇಳದೆ ಅದರಲ್ಲಿ ಮೂರು ಸಾಲು ಹಾರಿಸಿದ್ದಳು. ಅದು ಗೊತ್ತಿಲ್ಲದೆ ಅಕ್ಕ ಭಾವನಿಗೆ ಹೆಣೆದ ಚೀಲದಲ್ಲಿ ಹಿಮ್ಮಡಿ ಪಾದದ ಮೇಲೆ ಬಂದು ಕೂತಿತು. ತಪ್ಪಾಯಿತು ಎನ್ನುವುದು ಬಿಟ್ಟು ತಂಗಿ, "ಭಾವನ ಕಾಲೇ ಸೊಟ್ಟ," ಎಂದಳು. ಮನೆಗೆ ಬಂದು ಗುಟ್ಟಾಗಿ ಆ ಮೂರು ಸಾಲನ್ನು ಮರಳಿ ಹಾಕಿದಳು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಬೇರೆ ಹಿಮ್ಮಡಿ ಬರೆದರಾಯಿತು ಎಂದು ಮೊದಲು ಹಟ ಹಿಡಿದಳು. ಅವಳ ಲೆಕ್ಕದಂತೆ ಹೆಣೆದ ಚೀಲದಲ್ಲಿ ಕಾಲು ಒಳಗೆ ಹೋಗಲು ದಾರಿಯಿತ್ತು, ಹೊರಗೆ ಬರಲು ಇರಲಿಲ್ಲ. ಅವಳ ಗಂಡ ಮಂಚದ ಮೇಲೆ ಕೂತು ಎಳೆದೂ ಎಳೆದೂ ಸುಸ್ತಾಗಿ, "ನಿಮ್ಮಕ್ಕನ್ನ ಕೇಳೋದು ಇದಕ್ಕಿಂತ ಸುಲಭ ಕಣೇ," ಎಂದ.

ಕೇಳುವ ಮುಖವಿಲ್ಲದೆ ಅವಳು ಲೈಸೆನ್ಸಿನ ಹಾಳೆಯನ್ನು ಭಾವನ ಕೈಯಲ್ಲಿ ಕಳಿಸಿದಳು. ಭಾವ ಸಾಧು ಮನುಷ್ಯ. ಎರಡೂ ಮನೆಯ ಬೈಗುಳ ಅವನ ಮೂಲಕವೇ ಓಡಾಡುತ್ತಿತ್ತು.

"ಖಾತ್ರಿ ಏನೂ ಇಲ್ಲ ಅಂತ ಬರೆದಿರೋದು ನೋಡಿ ನಿಮ್ಮಕ್ಕ ಗೊಣಗಿದ್ಲು. ಖಾತ್ರಿ ಇಲ್ದಿರೋದು ನನ್ನ ಹಿಮ್ಮಡಿಗಲ್ಲ, ಅವಳ ಬಾಯಿಗೆ ಅಂದ್ಲು," ಎಂದು ಹಾಳೆ ಮರಳಿ ತಂದುಕೊಟ್ಟು ವರದಿ ಒಪ್ಪಿಸಿದ. "ಆಮೇಲೆ, ಯಾರು ಬೇಕಾದ್ರೂ ಯಾರನ್ನೂ ಕೇಳದೆ ತಿದ್ಕೋಬಹುದು ಅಂತ ಇದೆಯಲ್ಲ, ಅದನ್ನ ತಿರುಗಿ ತಿರುಗಿ ಓದಿದ್ಲು."

ಹಾಳೆಯಲ್ಲಿ ಅಕ್ಕನ ಸಹಿಯಿತ್ತು. ಸಹಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ: 'ತಂಗಿಯೊಬ್ಬಳನ್ನು ಬಿಟ್ಟು. ಅವಳು ಕೇಳಿಯೇ ತಿದ್ದತಕ್ಕದ್ದು.'

ಜರಡಿಯ ಕಣ್ಣಿಗೆ ಒಂದು ಸಲವಾದರೂ ಮಂಜು ಕವಿಯಲಿ ಎಂದು ಅವಳು ಹಾಗೆಯೇ ಕಳಿಸಿದಳು. ಮರುದಿನ ಉತ್ತರ ಬಂತು: "ಯಾವ ವ್ಯಕ್ತಿಯನ್ನೂ ಹೊರಗಿಡುವ ಲೈಸೆನ್ಸ್ ನಮ್ಮಲ್ಲಿ ನಡೆಯದು. ಈ ತಂಗಿ ಯಾರೋ ನಮಗೆ ತಿಳಿಯದು. ಆದರೆ ಅವರಿಗೂ ಎಲ್ಲರಷ್ಟೇ ಹಕ್ಕಿರಬೇಕು."

ಎರಡು ವರ್ಷದಲ್ಲಿ ತನ್ನ ಪರವಾಗಿ ಮಾತಾಡಿದ ಮೊದಲ ಮನುಷ್ಯ ಇವನೇ ಎಂದುಕೊಂಡಳು ಅವಳು. ಆ ಉತ್ತರವನ್ನು ಅಚ್ಚು ಹಾಕಿಸಿ, ಲೈಸೆನ್ಸಿನ ಹಾಳೆಯನ್ನೂ ಹಿಡಿದುಕೊಂಡು ತಾನೇ ಅಕ್ಕನ ಮನೆಗೆ ನಡೆದಳು.

ಅಕ್ಕ ಊಟದ ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ಆಡಿಸುತ್ತಿದ್ದಳು. ತಂಗಿ ಎರಡೂ ಹಾಳೆಗಳನ್ನು ಅವುಗಳ ಮೇಲೇ ಇಟ್ಟಳು.

"ಓದು. ನನ್ನ ಹೊರಗಿಡೋ ಹಾಗಿಲ್ವಂತೆ. ಲೋಕದ ನಿಯಮ," ಎಂದಳು ತಂಗಿ ಗತ್ತಿನಿಂದ.

ಅಕ್ಕ ಓದಿ ಪಕ್ಕಕ್ಕಿಟ್ಟಳು. "ಹಾಗಾದ್ರೆ ಲೋಕಕ್ಕೇ ಬೇಡ. ನನ್ನ ಹಿಮ್ಮಡಿ ನನ್ನ ಮನೇಲೇ ಇರ್ಲಿ."

ತಂಗಿಯ ಗತ್ತು ಜರ್ರನೆ ಇಳಿಯಿತು. ಅವಳಿಗೆ ತರಗತಿಯ ಹೆಂಗಸರೂ ನೆನಪಾಗಲಿಲ್ಲ, ಮುಚ್ಚುವ ಬಾಗಿಲೂ ನೆನಪಾಗಲಿಲ್ಲ. ಅಕ್ಕನ ಕಣ್ಣ ಸುತ್ತ ತಾನು ನೋಡದೇ ಬಂದ ಸುಕ್ಕುಗಳು ಕಂಡು ಸಂಕಟವಾಯಿತು.

"ಅಕ್ಕ, ನಿನ್ನ ಲೆಕ್ಕಕ್ಕೆ ಕೈ ಹಾಕಿದ್ದು ನನ್ನ ತಪ್ಪು. ಕೇಳ್ಬೇಕಿತ್ತು, ಕೇಳ್ಲಿಲ್ಲ. ಭಾವನ ಕಾಲು ನೆಟ್ಟಗೇ ಇದೆ. ಹೊಟ್ಟೆಗೆ ಹಾಕ್ಕೋ."

ಬಾಗಿಲ ಬಳಿ ನಿಂತಿದ್ದ ಭಾವ ತನ್ನ ಕಾಲನ್ನೊಮ್ಮೆ ನೋಡಿಕೊಂಡ.

ಅಕ್ಕ ಮೂಗೊರೆಸಿಕೊಂಡು, ಲೈಸೆನ್ಸಿನ ಹಾಳೆ ಎಳೆದುಕೊಂಡು, ಸಹಿಯ ಕೆಳಗೆ ತಾನು ಬರೆದಿದ್ದ ಸಾಲುಗಳ ಮೇಲೆ ಕೆಂಪು ಗೀಟು ಹಾಕಿದಳು. "ತಗೋ. ಇನ್ಮೇಲೆ ನೀನೂ ಕೇಳ್ಬೇಕಾಗಿಲ್ಲ," ಎಂದಳು.

ಪ್ಯಾಕೇಜ್ ಒಳಗೆ ಹೋಯಿತು. ಜರಡಿ 'ಧನ್ಯವಾದ' ಎಂದು ಒಂದೇ ಪದ ಬರೆದ. ಗ್ರಂಥಾಲಯದಲ್ಲಿ ಹೆಣಿಗೆ ಕಡ್ಡಿಗಳ ಟಕಟಕ ಶುರುವಾಯಿತು. ಸ್ವಲ್ಪ ದಿನಕ್ಕೆ ಒಬ್ಬಾಕೆ ಹಸುಗೂಸಿನ ಪಾದದ ಅಳತೆ ಕೊಟ್ಟಳು, ಹಿಮ್ಮಡಿ ಮೂಸಂಬಿಯಷ್ಟು ಬಂತು. ಒಂದೇ ಸಾಲು ತಿದ್ದಿದರೆ ಸರಿಹೋಗುವ ಕೆಲಸ. ತಂಗಿ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಲೋಕದ ಸಮಸ್ತರ ಜೊತೆ ಅವಳಿಗೂ ಹಕ್ಕಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆರಳು ತೆಗೆದು ಫೋನ್ ಎತ್ತಿಕೊಂಡಳು.

"ಅಕ್ಕ, ಹಿಮ್ಮಡಿಲಿ ಒಂದು ಸಾಲು ತಿದ್ಲಾ?"

ಎರಡು ವರ್ಷ ಕಾದಿದ್ದ ಪ್ರಶ್ನೆ. ಅಕ್ಕ ಅದರ ಸುಖವನ್ನು ಆತುರವಿಲ್ಲದೆ ಅನುಭವಿಸಿದಳು.

"ಬೇಡ," ಎಂದಳು ಆಮೇಲೆ. "ಕೈ ಹಾಕ್ದೆ ಸುಮ್ನೆ ಕೂತಿರು. ಬಂದೆ."