ಬಿದಿಗೆ ಚಂದ್ರ, ಹನ್ನೆರಡು ಗೊನೆ

ಕಮಲಾಪುರದ ಕೆಂಪು ಬಾಳೆಗೆ ಅವಸರ ಎಂಬುದು ಗೊತ್ತಿಲ್ಲ. ಗೊನೆ ಕಡಿದು, ಹುಲ್ಲು ಹಾಸಿದ ಕೋಣೆಯಲ್ಲಿ ಅಡಿ ಹಾಕಿ, ಅಂದರೆ ಮಾಗಲು ಇಟ್ಟು, ಒಂದಿಷ್ಟು ಹೊಗೆ ಕೊಟ್ಟು, ಬಾಗಿಲ ಸಂದಿಗೆ ಮಣ್ಣು ಮೆತ್ತಿ ಕಾದರೆ ಆರನೆಯ ದಿನಕ್ಕೆ ಹಣ್ಣು. ಐದಕ್ಕೆ ತೆಗೆದರೆ ತಿಂದವರ ನಾಲಿಗೆ ಒಗರು. ಏಳಕ್ಕೆ ತೆಗೆದರೆ ಸಿಪ್ಪೆ ಕಪ್ಪು, ಮುಟ್ಟಿದರೆ ಗೊನೆಯಿಂದ ಕಳಚಿ ಬೀಳುತ್ತದೆ. ನಡುವೆ ಬಾಗಿಲು ತೆಗೆದು ಇಣುಕಿದರಂತೂ ಕೋಣೆಯ ಕಾವೆಲ್ಲ ಹೋಗಿ ಅರ್ಧ ಕಾಯಿ, ಅರ್ಧ ಹಣ್ಣು. ರೇವಮ್ಮ ನಲವತ್ತು ವರ್ಷದಿಂದ ಈ ಕೋಣೆಯ ಬಾಗಿಲು ಕಾದವಳು. ಹಣ್ಣಿನ ಕೆಲಸ ಅಂದರೆ ತಾರೀಖಿನ ಕೆಲಸ, ಅಷ್ಟೇ ಎನ್ನುವವಳು.

ಆ ತಾರೀಖುಗಳೆಲ್ಲ ಬಹಳ ಕಾಲ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಇದ್ದಿಲಿನ ಗುರುತುಗಳಾಗಿದ್ದವು. ಸೊಸೆ ಪ್ರೀತಿ ಬಂದ ಮೇಲೆ ಪಡಸಾಲೆಗೊಂದು ಕಂಪ್ಯೂಟರ್ ಬಂತು. ಯಾರಿಗೆ, ಯಾವತ್ತು, ಎಷ್ಟು ಗೊನೆ, ಅವರ ಫೋನ್ ನಂಬರೇನು, ಎಲ್ಲವೂ ಅದರ ಹೊಟ್ಟೆಗೆ ಹೋಯಿತು. ಆದರೆ ವಾರಕ್ಕೆರಡು ಸಲ ಕಲಬುರಗಿಗೆ ಹೋಗಿ ಆರ್ಡರು ಹಿಡಿಯುವವಳು ರೇವಮ್ಮ. ಅವಳ ಕೈಯಲ್ಲಿದ್ದದ್ದು ಮೊಬೈಲು. ಅದರ ಮಾತು ಇದಕ್ಕೆ ತಿಳಿಯದು, ಇದರ ಮಾತು ಅದಕ್ಕೆ ತಿಳಿಯದು. ಶ್ರಾವಣದಲ್ಲಿ ಒಂದೇ ಸೋಮವಾರಕ್ಕೆ ಅತ್ತೆ ಅಲ್ಲಿ ಒಬ್ಬರಿಗೆ, ಸೊಸೆ ಇಲ್ಲಿ ಇನ್ನೊಬ್ಬರಿಗೆ ಅವೇ ಗೊನೆಗಳನ್ನು ಒಪ್ಪಿಕೊಂಡು ಕೂತರು. ಅವತ್ತು ಇಬ್ಬರು ಗಿರಾಕಿಗಳ ಮುಂದೆ ಕೈಮುಗಿದು ನಿಂತದ್ದು ರೇವಮ್ಮನ ಗಂಡ ಮಲ್ಕಪ್ಪ.

ಮರುದಿನವೇ ಪ್ರೀತಿ ಅತ್ತೆಯ ಮೊಬೈಲು ಇಸಿದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಎರಡರಲ್ಲೂ ಒಂದೇ ಖಾತೆ ತೆರೆದು, ಕ್ಯಾಲೆಂಡರು ಮತ್ತು ನಂಬರುಗಳ ಮುಂದಿನ ಗುಂಡಿ ಸರಿಸಿದಳು.

"ಸಿಂಕ್ ಆತ್ರೀ ಅತ್ತಿ. ಇನ್ನ ಇಲ್ಲಿ ಬರೆದಿದ್ದು ಅಲ್ಲಿ, ಅಲ್ಲಿ ಬರೆದಿದ್ದು ಇಲ್ಲಿ."

ಮಲ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತ ನಕ್ಕ. "ಅಂದ್ರ ಡಬ್ಬಿಗೂ ಮೊಬೈಲಿಗೂ ಲಗ್ನ ಮಾಡಿದಿ ಅನ್ನು. ಇನ್ನ ಇಬ್ಬರದೂ ಒಂದ ಮಾತು."

"ನಮ್ಮ ಲಗ್ನ ಆಗಿ ನಲವತ್ತೈದು ವರ್ಷ ಆತು, ಒಂದ ಮಾತು ಯಾವಾಗ ಆಗ್ಯಾದ?" ಎಂದಳು ರೇವಮ್ಮ.

ಆ ವಾರ ಅವಳು ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ ಹಣ್ಣಿನ ಅಂಗಡಿ ಇಟ್ಟ ಮಹಾದೇವನ ಆರ್ಡರನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಒಂದೊಂದೇ ಅಕ್ಷರ ಒತ್ತಿ ಮೊಬೈಲಿಗೆ ಹಾಕಿದಳು. ಚೀಲ ಎತ್ತಿಕೊಳ್ಳುವಷ್ಟರಲ್ಲಿ ಪ್ರೀತಿಯ ಫೋನು. "ಅತ್ತಿ, ಬಂತ್ರೀ! ಮಹಾದೇವಣ್ಣಂದು ನಾಕು ಗೊನಿ, ಶುಕ್ರವಾರ!" ಕಮಲಾಪುರದಲ್ಲಿ ಕೂತವಳು ಗುಡಿ ಮುಂದಿನ ಮಾತು ಓದಿಬಿಟ್ಟಳಲ್ಲ! ರೇವಮ್ಮನಿಗೆ ಮನಸ್ಸು ತುಂಬಿತು. ಮೆಚ್ಚಿದ್ದನ್ನು ಮೆಚ್ಚಿದೆ ಎಂದು ಹೇಳಲು ಅವಳೇನೂ ಹಿಂದೆಮುಂದೆ ನೋಡುವವಳಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದಳು.

ಹೀಗೆ ತಿಂಗಳೊಂದು ಕಳೆದಿರಬೇಕು. ಒಂದು ಭಾನುವಾರ ಬೆಳಗ್ಗೆ ಮೊಬೈಲೂ ಕಂಪ್ಯೂಟರೂ ಒಟ್ಟಿಗೆ ಕೂಗಿದವು. ಪ್ರೀತಿ ಓದಿದಳು: "ಗಾಜಿಪುರ ಬೇಗಂ, ಗ್ಯಾರವೀಂ, ಹನ್ನೆರಡು ಗೊನೆ. ಇವತ್ತು ಅಡಿ ಹಾಕಬೇಕು. ಶನಿವಾರಕ್ಕೆ ಹಣ್ಣು."

ಗ್ಯಾರವೀಂ ಅಂದರೆ ಮುಸಲ್ಮಾನರ ಎರಡನೆಯ ರಬಿ ತಿಂಗಳ ಹನ್ನೊಂದನೆಯ ದಿನ. ಅವತ್ತು ಕಲಬುರಗಿಯ ಗಾಜಿಪುರದಲ್ಲಿ ಇಕ್ಬಾಲ್ ಬೇಗಂ ಮನೆಯಲ್ಲಿ ಫಾತೆಹಾ ಪ್ರಾರ್ಥನೆ ಓದಿಸಿ, ಇಡೀ ಓಣಿಗೆ ಕೆಂಪು ಬಾಳೆ ಹಂಚುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆ ಹಣ್ಣು ರೇವಮ್ಮನದೇ. ಒಂದು ವರ್ಷವೂ ಒಗರಾಗಿದ್ದಿಲ್ಲ, ಒಂದು ವರ್ಷವೂ ಕಪ್ಪಾಗಿದ್ದಿಲ್ಲ. ಹಣ್ಣು ಇಡಲು ಹಾಸುವ ಆ ದಸ್ತರಖಾನೆಯ ಮೇಲಿನ ತನ್ನ ಹೆಸರು ರೇವಮ್ಮನಿಗೆ ತನ್ನ ಕಿವಿಯ ಬೆಂಡೋಲೆಗಿಂತ ದೊಡ್ಡದು.

ರೇವಮ್ಮ ಕೋಣೆಯ ಬಾಗಿಲಲ್ಲಿ ಗೊನೆ ಹಿಡಿದು ನಿಂತವಳು ಅಲ್ಲೇ ನಿಂತಳು.

"ಶನಿವಾರ ಅಂತ ಯಾರು ಹೇಳಿದ್ರು?"

"ಕ್ಯಾಲೆಂಡರ್‌ನಾಗ ಅವರ ತಿಂಗಳೂ ತೋರಸ್ತದ್ರೀ ಅತ್ತಿ. ನಾ ಅದನ್ನ ಹಚ್ಚೀನಿ. ಬುಧವಾರ ಒಂದನೇ ತಾರೀಖು, ಶನಿವಾರ ಹನ್ನೊಂದು."

"ಬುಧವಾರ ಒಂದು ಆಗಬೇಕಂದ್ರ ಮಂಗಳವಾರ ಸಂಜಿಗಿ ಚಂದ್ರ ಕಾಣಬೇಕು. ಸೋಮವಾರ ಅಮಾಸಿ. ಮಂಗಳವಾರ ಪಾಡ್ಯ. ಅವತ್ತ ಮೆಣಸಿನಕಾಯಿ ತೆಗೀಲಾಕ ಮಾಳಗಿ ಮ್ಯಾಲ ಹೋಗಿದ್ದೆ. ಪಡುವಣಕ್ಕ ಏನೂ ಇದ್ದಿಲ್ಲ. ಮರುದಿನ ಬಿದಿಗಿ, ಉಗುರಿನಂಗ ಕಂಡ. ಇವರು ಕೈ ಮುಗದ್ರು ನೋಡು."

"ಮುಗದೀನಿ, ಮುಗದೀನಿ," ಎಂದ ಮಲ್ಕಪ್ಪ.

"ನಮ್ಮ ಬಿದಿಗಿ ಚಂದ್ರನೇ ಅವರ ಚಾಂದು. ಬುಧವಾರ ಕಂಡ್ರ ಗುರುವಾರ ಒಂದು. ಹನ್ನೊಂದು ಬರೂದು ಭಾನುವಾರ."

ಪ್ರೀತಿಯ ಮುಖ ಸಣ್ಣದಾಯಿತು. ಆದರೂ ಬಿಡುವ ಹುಡುಗಿಯಲ್ಲ. "ಮೊಬೈಲ್‌ನಾಗೂ ಶನಿವಾರ, ಕಂಪ್ಯೂಟರ್‌ನಾಗೂ ಶನಿವಾರ. ಎರಡೂ ಸುಳ್ಳು ಹೇಳ್ತಾವೇನ್ರೀ?"

"ಎರಡೂ ಒಂದ ಹೇಳ್ಲಿ ಅಂತ ನೀನೇ ಕಟ್ಟೀಯಲ್ಲವ್ವಾ. ಒಬ್ಬಾಂವ ಹೇಳಿದ್ದನ್ನ ಇನ್ನೊಬ್ಬಾಂವ ಕೇಳಿ ಹೇಳಿದ್ರ ಅದು ಎರಡು ಸಾಕ್ಷಿ ಹ್ಯಾಂಗಾಗ್ತದ? ಚಾಂದ್ ನೋಡಿದ್ದಕ್ಕ ಅವರಲ್ಲಿ ಬ್ಯಾರೆ ಬ್ಯಾರೆ ಎರಡು ಮಂದಿ ನಿಂತು ಹೇಳಬೇಕು."

"ಹಂಗಾದ್ರ ಬೇಗಂ ಅವರಿಗೇ ಕೇಳೋಣು," ಎಂದು ಪ್ರೀತಿ ಮೊಬೈಲು ತಂದಳು. ಗಾಜಿಪುರ ಎಂದು ಹುಡುಕಿದರೆ ಏನೂ ಬರಲಿಲ್ಲ. ಬೇಗಂ ಎಂದರೂ ಇಲ್ಲ. ಪ್ರೀತಿ ನಾಲಿಗೆ ಕಚ್ಚಿಕೊಂಡಳು. ಸಿಂಕ್ ಮಾಡಿದ ದಿನ ಒಂದೇ ನಂಬರಿಗೆ ಮೂರು ಹೆಸರು ಕಂಡು, ಯಾಕೆ ಮೂರು ಸಲ ಎಂದು ಮೂರನ್ನೂ ಕೂಡಿಸಿಬಿಟ್ಟಿದ್ದಳು. ಆ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಬೇಗಂ, ಮಗಳು ಆಸ್ಮಾ, ಸೈಕಲ್ ಅಂಗಡಿ ಇಟ್ಟ ಗಂಡ ಖಮರುದ್ದೀನ್, ಮೂವರೂ ಅದರಲ್ಲೇ ಮಾತಾಡುವವರು. ಯಾವ ಹೊತ್ತಿಗೆ ಯಾರನ್ನು ಕೇಳಬೇಕೋ ಅವರ ಹೆಸರು ಒತ್ತುವುದು ರೇವಮ್ಮನ ರೂಢಿ. ಈಗ ಉಳಿದದ್ದು 'ಖಮರುದ್ದೀನ್ ಸೈಕಲ್' ಒಂದೇ.

"ಹೆಂಗಸರನ್ನೆಲ್ಲ ನುಂಗಿ ಗಂಡಸನ್ನ ಉಳಿಸ್ಯಾದಲ್ಲ ನಿನ್ನ ಡಬ್ಬಿ!" ಎಂದಳು ರೇವಮ್ಮ, ಸಿಟ್ಟಿಲ್ಲದೆ.

ಅದೇ ನಂಬರಿಗೆ ಹಚ್ಚಿದರು. ಖಮರುದ್ದೀನ್ ಅಂಗಡಿಯಲ್ಲಿದ್ದ. ಹಿಂದೆ ಗಾಳಿ ಹಾಕುವ ಸದ್ದು. "ಗ್ಯಾರವೀಂ? ತಡೀರಿ, ಮೊಬೈಲ್ ನೋಡಿ ಹೇಳ್ತೀನಿ… ಹಾಂ, ಶನಿವಾರ ತೋರಸಾಕತ್ತದ ನೋಡ್ರಿ. ಮನಿ ವಿಷಯ ಬೇಗಂಗೇ ಕೇಳ್ರಿ. ಆಕಿ ಮನ್ಯಾಗ ಇದ್ದಾಳ, ಫೋನ್ ನನ್ನ ಹತ್ರ ಅದ." ಇಟ್ಟೇಬಿಟ್ಟ.

"ನೋಡ್ರಿ ಅತ್ತಿ! ಈಗ ಮೂರು ಸಾಕ್ಷಿ ಆತು."

"ಆತಲ್ಲ, ಡಬ್ಬಿಯ ಬೀಗರು," ಎಂದು ರೇವಮ್ಮ ಸೆರಗು ಸರಿಮಾಡಿಕೊಂಡಳು. "ನಾ ಕಂಡದ್ದು ಒಂದು ಸಾಕ್ಷಿ. ಇನ್ನೊಂದು ತರಾಕ ಹೋಗ್ತೀನಿ. ನಾ ಹೇಳೂತನಕ ಬಾಗಲಕ್ಕ ಮಣ್ಣು ಹಚ್ಚಬ್ಯಾಡ."

"ಶನಿವಾರವೇ ಖರೆ ಆದ್ರ?"

"ಖರೆ ಆದ್ರ ಫೋನ್ ಮಾಡ್ತೀನಿ, ಮಧ್ಯಾಹ್ನದಾಗ ಹಚ್ಚು. ಅರ್ಧ ದಿನಕ್ಕ ಬಾಳಿಹಣ್ಣು ಸಿಟ್ಟಾಗಂಗಿಲ್ಲ. ಒಂದು ದಿನಕ್ಕ ಆಗ್ತದ."

ಬಸ್ಸು ಸಿಕ್ಕಿತು. ಊರೆಲ್ಲ ದಾಟಿ ಕಲಬುರಗಿಯಲ್ಲಿ ಇಳಿದು, ಆಟೋ ಹಿಡಿದು ಗಾಜಿಪುರದ ನೀಲಿ ಬಾಗಿಲಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿರಲಿಲ್ಲ. ಇಕ್ಬಾಲ್ ಬೇಗಂ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ರೇವಮ್ಮನನ್ನು ಕಂಡು ಮೊರ ಬದಿಗಿಟ್ಟರು.

"ಅರೆ ರೇವಮ್ಮಾ, ಆವೋ ಆವೋ! ಹಣ್ಣು ಬಿಟ್ಟು ಬರೀ ಕೈಲೆ ಬಂದೀರಲ್ಲ, ಕಾಯ್ಕು, ಯಾಕ?"

"ಆಪಾ, ಒಂದ ಮಾತು ಕೇಳಾಕ ಬಂದೀನಿ. ಚಾಂದ್ ಯಾವತ್ತ ಕಂಡದ?"

"ಇಷ್ಟು ಕೇಳಾಕ ಕಮಲಾಪುರದಿಂದ ಬಂದೀರಾ? ಬುಧವಾರ! ನಾನೇ ಮಾಳಗಿ ಮ್ಯಾಲ ಹತ್ತಿ ನೋಡೀನಿ. ಮೊಣಕಾಲು ಇನ್ನೂ ನೋವದ. ಆ ಮ್ಯಾಲ ಮಸೀದಿನಾಗೂ ಹೇಳಿದ್ರು. ಗ್ಯಾರವೀಂ ಇತವಾರ, ಮುಂದಿನ ಭಾನುವಾರ."

ರೇವಮ್ಮ ಉಸಿರು ಬಿಟ್ಟಳು. "ನಿಮ್ಮ ಯಜಮಾನ್ರು ಶನಿವಾರ ಅಂದ್ರಲ್ಲ?"

"ಉನೋ? ಅವರಾ?" ಬೇಗಂ ಹಣೆ ಬಡಿದುಕೊಂಡರು. "ಮೊಬೈಲ್ ನೋಡಿ ಹೇಳಿರಬೇಕು. ಆ ಮೊಬೈಲ್ ಅರಬ ದೇಶದ ಲೆಕ್ಕ ಹಿಡೀತದಂತ, ಆಸ್ಮಾ ಹೇಳ್ತಾಳ. ಅಲ್ಲಿ ಚಾಂದ್ ಒಂದಿನ ಮೊದಲ. ನಮಗ ನಮ್ಮ ಮಾಳಗಿ ಮ್ಯಾಲಿನ ಚಾಂದು. ಅವರ ಮಾತು ನಕ್ಕೋ, ಕೇಳಬ್ಯಾಡ್ರಿ. ಸೈಕಲ್ ಗಾಲಿಗಿ ಗಾಳಿ ಹಾಕೂದು ಬಿಟ್ಟು ಬ್ಯಾರೇನೂ ಗೊತ್ತಿಲ್ಲ ಅವರಿಗಿ."

ಚಹಾ ಬಂತು. ರೇವಮ್ಮ ಬಸಿಯಲ್ಲಿ ಸುರಿದು ಆರಿಸಿಕೊಳ್ಳುತ್ತ ಚೀಲದಿಂದ ಮೊಬೈಲು ತೆಗೆದಳು. ಪ್ರೀತಿಗೆ ಫೋನು ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಕ್ಯಾಲೆಂಡರು ತೆರೆದು, ಶನಿವಾರದ ಮನೆಯೊಳಗಿನ ಗ್ಯಾರವೀಂ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಬೆರಳು ಒಮ್ಮೆ ಜಾರಿ ಅದು ಶುಕ್ರವಾರಕ್ಕೆ ಹೋಯಿತು. ಮತ್ತೆ ಹಿಡಿದಳು. ಎರಡನೆಯ ಸಲ ಮೆಲ್ಲಗೆ ಎಳೆದು ಭಾನುವಾರದ ಮನೆಯಲ್ಲಿ ಬಿಟ್ಟಳು. ಅಡಿ ಹಾಕುವ ನೆನಪನ್ನೂ ಹಾಗೆಯೇ ಸೋಮವಾರಕ್ಕೆ ಎಳೆದಳು.

ಬಸಿಯ ಚಹಾ ಮುಗಿಯುವುದರೊಳಗೆ ಫೋನು ಬಂತು.

"ಅತ್ತಿ! ಇಲ್ಲಿ ಗ್ಯಾರವೀಂ ತಾನ ಸರದಾಡಾಕತ್ತದ! ಶುಕ್ರವಾರಕ್ಕ ಹೋತು, ಈಗ ಭಾನುವಾರಕ್ಕ ಬಂತು. ನೀವ ಸರಿಸಿದ್ರೇನ್ರೀ?"

"ಹೂಂ, ನಾನ. ಬೇಗಂ ಆಪಾನೂ ಬುಧವಾರ ನೋಡ್ಯಾರ. ಎರಡು ಸಾಕ್ಷಿ ಆತು. ಗೊನಿ ಇವತ್ತ ನೆಳ್ಳಾಗ ಇಡು, ನಾಳಿ ಮುಂಜಾನಿ ನಾನು ನೀನು ಕೂಡಿ ಅಡಿ ಹಾಕೂಣು."

ಪ್ರೀತಿ, "ಅತ್ತಿ, ತಪ್ಪು ನಂದ್ರೀ. ಈ ಕಂಪ್ಯೂಟರ್ ಮುಚ್ಚಿಟ್ಟು ಗ್ವಾಡಿ ಕ್ಯಾಲೆಂಡರ್‌ಗೇ ಬರೀಲಿ?" ಎಂದಳು.

"ಹುಚ್ಚಿ. ಕುಂತಲ್ಲೇ ನಾ ತಿದ್ದಿದ್ದು ನಿನ್ನ ಮುಂದ ಹೋತಲ್ಲ, ಗ್ವಾಡಿ ಹಂಗ ಮಾಡ್ತಿತ್ತೇನು? ಮುಚ್ಚೂದು ಬ್ಯಾಡ. ಆ ಮೂರು ಹೆಸರು ಅಷ್ಟು ಬಿಡಿಸಿ ಇಡು."

ಸೋಮವಾರ ಹನ್ನೆರಡು ಗೊನೆ ಹುಲ್ಲಿನೊಳಗೆ ಮಲಗಿದವು. ಬಾಗಿಲಿಗೆ ಮಣ್ಣು ಮೆತ್ತಿದ್ದು ಪ್ರೀತಿ. ಶನಿವಾರ ಅವಳು ಆ ಬಾಗಿಲ ಮುಂದೆ ಎಷ್ಟು ಸಲ ಓಡಾಡಿದಳೋ, ರೇವಮ್ಮ ನೋಡಿಯೂ ನೋಡದವಳಂತೆ ರೊಟ್ಟಿ ಬಡಿದಳು. ಭಾನುವಾರ ನಸುಕಿಗೆ ಮಣ್ಣು ಬಿಡಿಸಿದರು. ಬಾಗಿಲು ತೆಗೆದೊಡನೆ ವಾಸನೆಯೇ ಮೊದಲು ಹೊರಗೆ ಬಂತು. ರೇವಮ್ಮ ಒಂದು ಹಣ್ಣು ಮುರಿದು ಅರ್ಧ ಸೊಸೆಯ ಕೈಗೆ ಕೊಟ್ಟಳು. ಪ್ರೀತಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಒಗರಿಲ್ಲ, ಕಪ್ಪಿಲ್ಲ.

ಊರಿನ ಮಲಂಗಸಾಬನ ಟಂಟಂ ಆಟೋದಲ್ಲಿ ಗೊನೆಗಳ ನಡುವೆ ಅತ್ತೆ ಸೊಸೆ ಇಬ್ಬರೂ ಗಾಜಿಪುರಕ್ಕೆ ಹೋದರು. ಫಾತೆಹಾ ಆಯಿತು. ಬೇಗಂ ಮೊದಲ ತಟ್ಟೆಯನ್ನು ಪ್ರೀತಿಯ ಕೈಗಿತ್ತು, "ತಗೋ ಬೇಟಿ, ಕಂಪ್ಯೂಟರ್‌ವಾಲಿ! ಶನಿವಾರ ಬಂದಿದ್ರ ಬರೀ ಖಾಲಿ ಅಂಗಳ ಹಂಚತಿದ್ದೆ ನಿಂಗ," ಎಂದರು. ಓಣಿಯ ಹೆಂಗಸರೆಲ್ಲ ನಕ್ಕರು. ಪ್ರೀತಿಯೂ ನಕ್ಕಳು. ಮೂಲೆಯಲ್ಲಿ ಖಮರುದ್ದೀನ್ ಮಾತ್ರ ಹಣ್ಣು ಸುಲಿಯುವುದರಲ್ಲಿ ಬಹಳ ಮಗ್ನನಾಗಿದ್ದ.

ಮನೆಗೆ ಬಂದವಳೇ ಪ್ರೀತಿ ಕಂಪ್ಯೂಟರಿನ ಮುಂದೆ ಕೂತಳು. ಮುಂದಿನ ವರ್ಷದ ಗ್ಯಾರವೀಂ ತಾರೀಖು ಎಲ್ಲಿ ಹಾಕುವುದು ಎಂದು ಕೇಳಲು ಬಾಯಿ ತೆರೆದವಳು, ಅತ್ತೆಯ ಮುಖ ನೋಡಿ ಮುಚ್ಚಿದಳು. ಪಂಚಾಂಗ ತೆಗೆದು ಆ ತಿಂಗಳಿಗೆ ಮೊದಲಿನ ಅಮಾವಾಸ್ಯೆ ಹುಡುಕಿದಳು. ಅದರ ಮುಂದಿನ ಬಿದಿಗೆಯ ಸಂಜೆಗೆ ಒಂದು ಸಾಲು ಬರೆದಳು. ರೇವಮ್ಮನ ಮಡಿಲಲ್ಲಿದ್ದ ಮೊಬೈಲು ಸಣ್ಣಗೆ ನಡುಗಿತು. ಕನ್ನಡಕ ಏರಿಸಿ ಓದಿದಳು:

'ಮಾಳಿಗೆ ಹತ್ತಿ ನೋಡು. ಆಮೇಲೆ ಗಾಜಿಪುರ ಬೇಗಂಗೆ ಫೋನ್ ಮಾಡಿ ಕೇಳು.'